ಮೊದಲ ಚೀಟಿಯ ನಂತರ

ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನವರು ಒಂದು ಪ್ರಯೋಗಕ್ಕೆ ಕೈ ಹಾಕಿದರು. ಮನೋರೋಗಕ್ಕೆ ಮದ್ದು ಬೇಕೆಂದರೆ ಬೆಂಗಳೂರಿನ ಇಲ್ಲವೇ ಧಾರವಾಡದ ದೊಡ್ಡಾಸ್ಪತ್ರೆಗೇ ಹೋಗಬೇಕು ಎಂಬುದು ಆಗಿನ ರೂಢಿ. ಅದರ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಕೆಲವು ದಿನ ತರಬೇತಿ ಕೊಟ್ಟು, ನಾಲ್ಕಾರು ಬಗೆಯ ಗುಳಿಗೆಗಳನ್ನು ಅಲ್ಲೇ ಇರಿಸಿ, ಊರೂರು ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಕಾಯಿಲೆ ಗುರುತಿಸುವುದನ್ನು ಕಲಿಸಿದರೆ ಏನಾದೀತು ಎಂದು ನೋಡುವುದು ಅವರ ಉದ್ದೇಶವಾಗಿತ್ತು. ಇದಕ್ಕೂ ಮೊದಲು, 1970ರ ದಶಕದಲ್ಲಿ, ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಇದೇ ಆಲೋಚನೆಯನ್ನು ಚಿಕ್ಕ ಪ್ರಮಾಣದಲ್ಲಿ ಮಾಡಿ ನೋಡಿದ್ದರು. ಬಳ್ಳಾರಿಯ ಐದು ವರ್ಷಗಳ ಕೆಲಸದಿಂದ ಗೊತ್ತಾದದ್ದು ದೊಡ್ಡ ರಹಸ್ಯವೇನೂ ಅಲ್ಲ: ಮದ್ದು ಹತ್ತಿರದಲ್ಲಿ ಸಿಕ್ಕರೆ ಜನ ಬರುತ್ತಾರೆ. 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಶುರುವಾಗಿ ಈಗ ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ 'ಬಳ್ಳಾರಿ ಮಾದರಿ'ಯೇ ಅಡಿಪಾಯ.

ಈ ಹಳೆಯ ಸಂಗತಿಯನ್ನು ಮೊದಲಿಗೇ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಪ್ರತಿ ಅಕ್ಟೋಬರ್ 10ರಂದು ಮಾನಸಿಕ ಆರೋಗ್ಯ ದಿನದ ವೇದಿಕೆಗಳಲ್ಲಿ ಕೇಳಿಬರುವ ಮಾತು ಒಂದೇ: ಜನರಲ್ಲಿ ಅರಿವಿಲ್ಲ, ಕಳಂಕಕ್ಕೆ ಹೆದರಿ ಚಿಕಿತ್ಸೆಗೆ ಬರುವುದಿಲ್ಲ. ಕಳಂಕ ಇರುವುದು ನಿಜ. ಬೀದಿ ಜಗಳದಲ್ಲಿ ನಿಮ್ಹಾನ್ಸ್ ಹೆಸರು ಇವತ್ತಿಗೂ ಬೈಗುಳವಾಗಿ ಬರುತ್ತದೆ. ಹೆಣ್ಣು ನೋಡುವ ಶಾಸ್ತ್ರದ ದಿನ ಕಾಯಿಲೆಯ ಅಣ್ಣನನ್ನು ಚಿಕ್ಕಪ್ಪನ ಮನೆಗೆ ಸಾಗಹಾಕುವವರೂ ಇದ್ದಾರೆ. ಆದರೆ ಎಲ್ಲ ಹೊಣೆಯನ್ನೂ ಜನರ ತಲೆಗೇ ಕಟ್ಟುವುದು ಅಧಿಕಾರದಲ್ಲಿರುವವರಿಗೆ ಬಹಳ ಅನುಕೂಲವಾದ ವಾದ. ಬಸ್ ಚಾರ್ಜು, ಜೊತೆಗೆ ಬರುವವರ ಒಂದು ದಿನದ ಕೂಲಿ, 'ಗುಳಿಗೆ ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಿ' ಎಂಬ ಉತ್ತರ, ಕಾಯಿಲೆ ಏನೆಂದು ಕೂರಿಸಿ ಹೇಳುವವರೇ ಇಲ್ಲದಿರುವುದು, ಇವೂ ಅಡ್ಡಿಗಳೇ. ನನ್ನ ಮಟ್ಟಿಗೆ ಹೇಳುವುದಾದರೆ ಕಳಂಕಕ್ಕಿಂತ ದೊಡ್ಡ ಅಡ್ಡಿಗಳು.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ ಮುಂದೆ ನಿಂತು 12 ರಾಜ್ಯಗಳಲ್ಲಿ ನಡೆಸಿತು. ಕರ್ನಾಟಕ ಆ 12ರಲ್ಲಿ ಇರಲಿಲ್ಲ, ಕೋಲಾರದಲ್ಲಿ ಪೂರ್ವತಯಾರಿಯ ಸಮೀಕ್ಷೆ ಮಾತ್ರ ನಡೆಯಿತು. ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತೆಂದು ಅದು ಹೇಳಿತು. ಅವರಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ಬೇರೆಯಾದರೂ ಬಹುತೇಕ ಎಲ್ಲದರಲ್ಲೂ ಶೇ. 70ಕ್ಕಿಂತ ಹೆಚ್ಚು. ಚಿಕಿತ್ಸೆ ಶುರು ಮಾಡಿ ಮಧ್ಯದಲ್ಲೇ ಬಿಟ್ಟವರ ಕಥೆ ಇಂಥ ಅಂಕಿಗಳಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಈ ಲೇಖನದ ಕಣ್ಣು ಹೆಚ್ಚಾಗಿ ಅವರ ಮೇಲೆ.

ಮೊದಲು ಕಾಯಿಲೆಗಳ ವಿಚಾರ. ತಜ್ಞರ ಪಟ್ಟಿ ಉದ್ದವಿದ್ದರೂ ಮನೆಯವರ ತಿಳಿವಳಿಕೆಗೆ ಎರಡು ಗುಂಪು ಮಾಡಿಕೊಂಡರೆ ಸಾಕು. ಒಂದು, ಎಲ್ಲ ಕಡೆ ಕಾಣುವ ಖಿನ್ನತೆ, ಆತಂಕ, ಗೀಳಿನಂಥವು. ಇವುಗಳಲ್ಲಿ ರೋಗಿಗೆ ತನಗೇನೋ ಸರಿಯಿಲ್ಲವೆಂಬುದು ಗೊತ್ತಿರುತ್ತದೆ, ಆದರೆ ಅದು ಮನಸ್ಸಿನದ್ದೆಂದು ಹೊಳೆಯುವುದಿಲ್ಲ. ನಮ್ಮಲ್ಲಿ ಖಿನ್ನತೆ ಆಸ್ಪತ್ರೆಗೆ ಬರುವುದೇ ಮೈಯ ದೂರಾಗಿ: ತಲೆನೋವು, ಸೊಂಟನೋವು, ಕೈಕಾಲು ಸೋಲುವುದು, ಹೊಟ್ಟೆಯಲ್ಲಿ ಸಂಕಟ, ನಡುರಾತ್ರಿ ಮೂರಕ್ಕೇ ಎಚ್ಚರ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಶಕ್ತಿಯ ಬಾಟ್ಲಿ, ಬಿ12 ಇಂಜೆಕ್ಷನ್ ಎಲ್ಲ ಆದ ಮೇಲೂ 'ನಿಮಗೇನೂ ಆಗಿಲ್ಲ' ಎಂಬ ಉತ್ತರವೇ ಸಿಗುತ್ತದೆ. ಆಗಿರುವುದರಿಂದಲೇ ಅವರು ಬಂದದ್ದು. ಬೇಸರ ಯಾರಿಗೂ ತಪ್ಪಿದ್ದಲ್ಲ. ಆದರೆ ಎರಡು ವಾರ ಕಳೆದರೂ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿಯೇ ಇದ್ದು, ಇಷ್ಟದ ಕೆಲಸವೂ ಬೇಡವಾಗಿ, ಊಟ ನಿದ್ದೆ ಕೆಟ್ಟು, ತಾನು ಯಾರಿಗೂ ಬೇಡದವಳು ಎಂಬ ಭಾವ ಕಾಡತೊಡಗಿದರೆ ಅದನ್ನು ವೈದ್ಯರಿಗೆ ತೋರಿಸಬೇಕಾದ ಸ್ಥಿತಿ ಎಂದು ತಿಳಿಯಬೇಕು. ಥೈರಾಯ್ಡ್ ಕಡಿಮೆಯಾದರೂ, ರಕ್ತ ಕಡಿಮೆಯಾದರೂ ಇದೇ ಲಕ್ಷಣಗಳು ಕಾಣುವುದರಿಂದ ಒಳ್ಳೆಯ ವೈದ್ಯರು ಅದನ್ನೂ ಒಮ್ಮೆ ನೋಡಿಬಿಡುತ್ತಾರೆ. ಆತಂಕದ ದಾಳಿಯೂ ಹೀಗೆಯೇ ವೇಷ ಮರೆಸಿಕೊಂಡು ಬರುತ್ತದೆ. ಎದೆ ಡವಡವ, ಬೆವರು, ಉಸಿರು ಸಿಕ್ಕಿಕೊಂಡಂತೆ, ಈಗಲೇ ಪ್ರಾಣ ಹೋಯಿತು ಎಂಬ ಭಯ. ಇಸಿಜಿ ಮಾತ್ರ ಸರಿಯಾಗಿಯೇ ಇರುತ್ತದೆ.

ಇನ್ನೊಂದು ಗುಂಪು ಸಂಖ್ಯೆಯಲ್ಲಿ ಚಿಕ್ಕದು, ಪೆಟ್ಟಿನಲ್ಲಿ ದೊಡ್ಡದು. ನೂರು ಮಂದಿಯಲ್ಲಿ ಹೆಚ್ಚೆಂದರೆ ಒಬ್ಬರಿಗೆ ಬರುವ ಸ್ಕಿಜೋಫ್ರೇನಿಯಾ, ತಿಂಗಳುಗಟ್ಟಲೆ ಉಕ್ಕಿ ಆಮೇಲೆ ಕುಸಿಯುವ ಬೈಪೋಲಾರ್ ಇದಕ್ಕೆ ಸೇರುತ್ತವೆ. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಹದಿಹರೆಯದ ಕೊನೆಯಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಶುರುವಾಗುತ್ತದೆ. ಚೆನ್ನಾಗಿ ಓದುತ್ತಿದ್ದ ಹುಡುಗ ಮೂಲೆ ಹಿಡಿಯುತ್ತಾನೆ, ಸ್ನಾನ ಬಿಡುತ್ತಾನೆ, ತನ್ನಷ್ಟಕ್ಕೆ ಮಾತಾಡುತ್ತಾನೆ, ಪಕ್ಕದ ಮನೆಯವರು ತನ್ನ ಬಗ್ಗೆಯೇ ಆಡಿಕೊಳ್ಳುತ್ತಿದ್ದಾರೆ ಎನ್ನುತ್ತಾನೆ. ಮನೆಯವರಿಗೆ ಇದು ಮೊದಮೊದಲು ಸೋಮಾರಿತನವಾಗಿಯೋ ಪ್ರೇಮದ ಕಾಟವಾಗಿಯೋ ಕಾಣುತ್ತದೆ. ಬೈಪೋಲಾರ್‌ನ ಉಕ್ಕಿನ ಕಾಲದಲ್ಲಿ ನಿದ್ದೆಯೇ ಬೇಡ, ಮಾತು ನಿಲ್ಲುವುದಿಲ್ಲ, ಸಾಲ ಮಾಡಿ ಅಂಗಡಿ ತೆರೆಯುವ ಹುರುಪು. ಮನೆ ಮಂದಿ ಹೈರಾಣಾಗುವ ಹೊತ್ತಿಗೆ ರೋಗಿಗೆ ತನ್ನಷ್ಟು ಚೆನ್ನಾಗಿರುವವರು ಯಾರೂ ಇಲ್ಲ ಎನಿಸುತ್ತಿರುತ್ತದೆ.

ಹೆರಿಗೆಯಾದ ಎರಡು ವಾರದೊಳಗೆ ಸಾವಿರಕ್ಕೆ ಒಬ್ಬಿಬ್ಬರಲ್ಲಿ ಕಾಣುವ ತೀವ್ರ ಮನೋರೋಗವೂ ಇದೇ ಗುಂಪಿನದು. ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಎನ್ನುತ್ತಿದ್ದದ್ದು ಇದನ್ನೇ. ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯವಿರುವ ಇದು ಒಂದೆರಡು ದಿನವೂ ಕಾಯಬಾರದ ತುರ್ತು. ಸರಿಯಾಗಿ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ತಾಯಿಯನ್ನೂ ಕೂಸನ್ನೂ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡನ್ನು ನಿಮ್ಹಾನ್ಸ್ 2009ರಲ್ಲಿ ತೆರೆಯಿತು.

ಕುಡಿತವನ್ನು ಬೇರೆಯೇ ಹೇಳಬೇಕು, ಏಕೆಂದರೆ ಅದನ್ನು ಕಾಯಿಲೆಯೆಂದು ಒಪ್ಪಿಕೊಳ್ಳಲು ಮನೆಯವರಿಗೂ ಕಷ್ಟ, ಕುಡಿಯುವವರಿಗೂ ಕಷ್ಟ. ದಿನವೂ ಬೆಳಿಗ್ಗೆಯೇ ಶುರು ಮಾಡುವಷ್ಟು ಅಂಟಿಕೊಂಡವರನ್ನು ಧರ್ಮಸ್ಥಳದಲ್ಲಿ ಆಣೆ ಮಾಡಿಸಿ ದಿಢೀರ್ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈ ನಡುಕ, ಫಿಟ್ಸ್, ಇಲ್ಲದ್ದೆಲ್ಲ ಕಾಣುವ ಸನ್ನಿ ಬರಬಹುದು. ಅದು ಪ್ರಾಣಕ್ಕೇ ಎರವಾಗುವುದುಂಟು. ಆಣೆಗೆ ನನ್ನ ತಕರಾರಿಲ್ಲ. ಮೊದಲ ವಾರ ಆಸ್ಪತ್ರೆಯಲ್ಲಿ ಕಳೆದು, ಥಯಾಮಿನ್ ಇಂಜೆಕ್ಷನ್ ಹಾಕಿಸಿಕೊಂಡು ಆಮೇಲೆ ಮಾಡಲಿ.

ಇವೆಲ್ಲ ಏಕೆ ಬರುತ್ತವೆ? ಒಂದೇ ಕಾರಣ ಹೇಳುವವರನ್ನು ನಂಬಬೇಡಿ. ಹುಟ್ಟಿನಿಂದ ಬಂದ ಒಲವು, ಮಿದುಳಿನ ರಾಸಾಯನಿಕಗಳು, ಬಾಲ್ಯದ ಪೆಟ್ಟು, ಸಾಲ, ಸಾವು, ಗಾಂಜಾ, ಎಲ್ಲವೂ ಬೇರೆಬೇರೆ ಪ್ರಮಾಣದಲ್ಲಿ ಸೇರಿಕೊಂಡಿರುತ್ತವೆ. ವಂಶದ ಪ್ರಶ್ನೆ ಮದುವೆಯ ಮಾತಿನಲ್ಲಿ ತಪ್ಪದೆ ಬರುವುದರಿಂದ ಒಂದು ಲೆಕ್ಕ ಗೊತ್ತಿರಲಿ: ತಂದೆ ತಾಯಿಯರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಹತ್ತರ ಆಸುಪಾಸು. ತೊಂಬತ್ತರಷ್ಟು ಮಕ್ಕಳಿಗೆ ಅದು ಬರುವುದಿಲ್ಲ. 'ಮದುವೆ ಮಾಡಿದ್ರೆ ಸರಿಹೋಗ್ತದೆ' ಎಂಬ ಸಲಹೆಯಂತೂ ಹಳ್ಳಿ ಪಟ್ಟಣವೆನ್ನದೆ ನಡೆಯುತ್ತಿದೆ. ಹೇಳದೆ ಮಾಡಿದ ಮದುವೆಯಲ್ಲಿ ಹುಡುಗಿ ಗುಳಿಗೆಯನ್ನು ಗಂಡನ ಮನೆಯವರಿಂದ ಬಚ್ಚಿಡಲಾರದೆ ನಿಲ್ಲಿಸುತ್ತಾಳೆ, ಕಾಯಿಲೆ ಮರುಕಳಿಸುತ್ತದೆ, ತವರಿಗೆ ಕಳಿಸುತ್ತಾರೆ. ಗಂಡನಿಗೆ ಕಾಯಿಲೆಯಾದರೆ ಹೆಂಡತಿ ನೋಡಿಕೊಳ್ಳಬೇಕು, ಹೆಂಡತಿಗಾದರೆ ಅವಳ ಅಪ್ಪ ಅಮ್ಮ ನೋಡಿಕೊಳ್ಳಬೇಕು. ನಮ್ಮ ಮನೋರೋಗ ವಾರ್ಡುಗಳಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆಂದು ನೋಡಿದರೆ ಸಾಕು.

ಈಗ ಮೊದಲ ನಿಲ್ದಾಣದ ಮಾತು. ತೀವ್ರ ಮನೋರೋಗ ಕಂಡ ಮನೆಯವರಲ್ಲಿ ಅನೇಕರು ಮೊದಲು ಹೋಗುವುದು ದೇವಸ್ಥಾನಕ್ಕೆ, ದರ್ಗಾಕ್ಕೆ, ಶಾಸ್ತ್ರ ಹೇಳುವವರ ಬಳಿಗೆ. ಕಲಬುರಗಿ ಜಿಲ್ಲೆಯ ಗಾಣಗಾಪುರದ ದತ್ತನ ಸನ್ನಿಧಿಗೆ 'ಗಾಳಿ ಸೋಕಿದವರ'ನ್ನು ಕರೆತರುವುದು ತಲೆಮಾರುಗಳಿಂದ ನಡೆದಿದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ನಿಮ್ಹಾನ್ಸ್‌ನಲ್ಲಿದ್ದ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ಉಳಿದುಕೊಂಡಿದ್ದ ರೋಗಿಗಳನ್ನು ಅಳೆದು ತೂಗಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದದ್ದು ಬೇರೆಯೇ. ಗುಳಿಗೆಯಿಲ್ಲದೆ, ವಿಶೇಷ ಪೂಜೆಯೂ ಇಲ್ಲದೆ, ಮನೆಯ ಒಬ್ಬರ ಜೊತೆ ಸರಾಸರಿ ಆರು ವಾರ ಅಲ್ಲಿದ್ದು, ಗುಡಿ ಗುಡಿಸಿ ಗಿಡಕ್ಕೆ ನೀರು ಹಾಕಿಕೊಂಡಿದ್ದವರ ಲಕ್ಷಣಗಳು ಸುಮಾರು ಐದನೇ ಒಂದು ಭಾಗದಷ್ಟು ತಗ್ಗಿದ್ದವು. ಬೈಯದ, ಹೊಡೆಯದ, ಕೆಲಸ ಕೊಡುವ ಜಾಗಕ್ಕೆ ಅಷ್ಟು ಶಕ್ತಿಯಿದೆ. ಉಳಿದ ಭಾಗಕ್ಕೆ ಮದ್ದು ಬೇಕು ಎಂಬುದೂ ಅದೇ ಅಂಕಿಯಿಂದ ಹೊರಡುವ ಮಾತು.

ಇನ್ನೊಂದು ತುದಿಯಲ್ಲಿ ಏರವಾಡಿ ಇದೆ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಆ ದರ್ಗಾದ ಊರಿನಲ್ಲಿ, ಖಾಸಗಿಯವರು ನಡೆಸುತ್ತಿದ್ದ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಸುಪ್ರೀಂ ಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ಸರಪಳಿ ಹಾಕುವುದು ಈಗ ಕಾನೂನಿನಲ್ಲಿ ನಿಷಿದ್ಧ. ಭೂತ ಬಿಡಿಸುತ್ತೇವೆಂದು ಹೊಡೆಯುವುದು ಕಟ್ಟಿಹಾಕುವುದು ಕರ್ನಾಟಕದ 2017ರ ಅಮಾನವೀಯ ಅನಿಷ್ಟ ಪದ್ಧತಿಗಳ ಕಾಯ್ದೆಯಲ್ಲೂ ಅಪರಾಧ. ಹರಕೆ ಬೇಡವೆಂದು ಯಾವ ಒಳ್ಳೆಯ ಮನೋವೈದ್ಯರೂ ಹೇಳುವುದಿಲ್ಲ. ದೇವರಿಗೂ ನಡೆದುಕೊಳ್ಳಿ, ಗುಳಿಗೆಯನ್ನೂ ತಪ್ಪಿಸಬೇಡಿ ಎಂದಷ್ಟೇ ಅವರು ಕೇಳಿಕೊಳ್ಳುವುದು.

ಹಾಗಾದರೆ ಹೋಗುವುದು ಎಲ್ಲಿಗೆ? ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ರಾತ್ರಿಯಿಡೀ ಬಸ್ಸಿನಲ್ಲಿ ಕೂರಲೊಲ್ಲದ ರೋಗಿಯನ್ನು ಹಿಡಿದುಕೊಂಡು ಹೊಸೂರು ರಸ್ತೆಯ ನಿಮ್ಹಾನ್ಸ್ ಮುಂದೆ ಬೆಳಿಗ್ಗೆ ಸಾಲು ನಿಲ್ಲುವವರು ಇಂದಿಗೂ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿಗೆ ಬೇಕಾದ ಚಿಕಿತ್ಸೆ ತಮ್ಮ ಜಿಲ್ಲಾಸ್ಪತ್ರೆಯಲ್ಲಿ, ಹತ್ತಿರದ ಮೆಡಿಕಲ್ ಕಾಲೇಜಿನ ಮನೋವೈದ್ಯಕೀಯ ವಿಭಾಗದಲ್ಲಿ, ಉತ್ತರದವರಿಗೆ ಧಾರವಾಡದ ಡಿಮ್ಹಾನ್ಸ್‌ನಲ್ಲಿ ಸಿಗುತ್ತದೆ. ಇನ್ನೂ ಹತ್ತಿರಕ್ಕೆಂದು ರಾಜ್ಯ ಸರ್ಕಾರ ಮಾಡಿಕೊಂಡ ಏರ್ಪಾಟು 'ಮನೋಚೈತನ್ಯ': ಜಿಲ್ಲೆಯ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುವುದು. ಸೂಪರ್ ಟ್ಯೂಸ್‌ಡೇ ಎಂದೂ ಕರೆಯುತ್ತಾರೆ.

ಆ ಮಂಗಳವಾರ ಹೇಗಿರುತ್ತದೆಂದರೆ, ದಂತವೈದ್ಯರ ಕೋಣೆಯನ್ನೋ ಲಸಿಕೆಯ ಕೋಣೆಯನ್ನೋ ಆ ಒಂದು ದಿನಕ್ಕೆ ಬಿಟ್ಟುಕೊಟ್ಟಿರುತ್ತಾರೆ. ಹೊರಗೆ ಬೆಂಚಿನ ಮೇಲೆ ಹಳೇ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟುಕೊಂಡ ತಾಯಂದಿರು. ಒಳಗೆ ಬಂದವಳು ಕೂರುವುದಕ್ಕೂ ಮುಂಚೆ ಶುರು ಮಾಡುತ್ತಾಳೆ: "ಈಗ ಬೈಯೋದು ಕೇಳ್ಸಲ್ವಂತೆ ಸಾರ್, ಆದ್ರೆ ಹನ್ನೊಂದು ಗಂಟೆ ಆದ್ರೂ ಏಳಲ್ಲ, ಹೊಲಕ್ಕೆ ಬಾ ಅಂದ್ರೆ ಕಾಲು ಎಳೀತಾನೆ." ಡಾಕ್ಟರು ಹುಡುಗನ ಕೈ ಮುಂದೆ ಚಾಚಿಸಿ ನಡುಕ ನೋಡುತ್ತಾರೆ, ಮೊಣಕೈ ಮಡಿಸಿ ಬಿಗಿತ ನೋಡುತ್ತಾರೆ, ರಾತ್ರಿಯ ಗುಳಿಗೆಯನ್ನು ಅರ್ಧ ಇಳಿಸುತ್ತಾರೆ. "ಅಮ್ಮಾ, ಬೆಳಗಿನ ಮಂಪರು ಮಾತ್ರೆಯದ್ದು, ಸೋಮಾರಿತನ ಅಲ್ಲ. ಬೈಬೇಡಿ. ಎಂಟು ಗಂಟೆಗೇ ಕೊಟ್ಟು ಮಲಗಿಸಿ." ಇಷ್ಟಕ್ಕೆ ನಾಲ್ಕು ನಿಮಿಷ. ಹೊರಗೆ ಇನ್ನೂ ಮೂವತ್ತು ಜನ. ಆ ಒಂದು ಮಾತಿನಿಂದ ಮುಂದಿನ ತಿಂಗಳು ಹುಡುಗ ಗುಳಿಗೆ ನುಂಗುತ್ತಾನೆ. ಅದನ್ನು ಹೇಳಲು ಪುರುಸೊತ್ತಿಲ್ಲದ ಮಂಗಳವಾರ ಅವನು ಬಿಟ್ಟುಬಿಡುತ್ತಾನೆ.

ಪುರುಸೊತ್ತಿಲ್ಲದಿರುವುದಕ್ಕೆ ಲೆಕ್ಕವೇ ಸಾಕ್ಷಿ. ಲಕ್ಷ ಜನಕ್ಕೆ ಕನಿಷ್ಠ ಮೂವರು ಮನೋವೈದ್ಯರಾದರೂ ಬೇಕೆನ್ನುವಾಗ ಭಾರತದಲ್ಲಿದ್ದದ್ದು 0.75 ಎಂದು 2019ರಲ್ಲಿ ಭಾರತೀಯ ಮನೋವೈದ್ಯರ ಪತ್ರಿಕೆಯೇ ಅಂದಾಜು ಮಾಡಿತು. ಅವರಲ್ಲೂ ಹೆಚ್ಚಿನವರು ನಗರಗಳಲ್ಲಿ.

ಯಾರು ಏನು ಮಾಡುತ್ತಾರೆಂಬುದು ಓದಿದವರಿಗೂ ಗೊಂದಲ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಈ ವಿಷಯದಲ್ಲೇ ಮುಂದೆ ಓದಿದವರು. ಔಷಧಿ ಬರೆಯುವ ಅಧಿಕಾರ ಇವರದು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆ, ಬುದ್ಧಿಶಕ್ತಿ ಪರೀಕ್ಷೆಗಳನ್ನು ಮಾಡುವವರು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಇವರ ನೋಂದಣಿ ಇರಬೇಕು. ಆಪ್ತಸಲಹೆಗಾರ ಎಂದು ಬೋರ್ಡು ಹಾಕಿಕೊಳ್ಳಲು ಅಂಥ ಬಿಗಿ ಇಲ್ಲ. ಎಲ್ಲಿ ಏನು ಓದಿದ್ದೀರಿ ಎಂದು ಕೇಳುವುದು ಅಮರ್ಯಾದೆಯಲ್ಲ. ಎಲ್ಲಿಂದ ಶುರು ಮಾಡಬೇಕೆಂದೇ ತೋಚದವರಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಇದೆ: 14416. ಹಗಲು ರಾತ್ರಿ, ಉಚಿತ. ಭಾಷೆ ಆರಿಸಿಕೊಳ್ಳಬಹುದಾದ್ದರಿಂದ ಪುಣೆಯ ಕಾರ್ಖಾನೆಯಲ್ಲಿರುವ ವಿಜಯಪುರದ ಹುಡುಗನೂ ಕನ್ನಡದಲ್ಲೇ ಮಾತಾಡಬಹುದು.

ಸಾಯುವ ಮಾತು ಬಂದಲ್ಲಿ ಮಾತ್ರ ತಡವೇ ಬೇಡ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಕರ್ನಾಟಕದಲ್ಲಿ ಆತ್ಮಹತ್ಯೆಯಿಂದ ಸತ್ತವರು 13,606 ಮಂದಿ. 'ಸಾಯೋ ಯೋಚನೆ ಬರ್ತಿದೆಯಾ?' ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ಹುಸಿ. ಕೇಳಿಸಿಕೊಂಡವರಿಗೆ ಹೊರೆ ಇಳಿದಂತಾಗುವುದೇ ಹೆಚ್ಚು. ಒಬ್ಬರನ್ನೇ ಬಿಡಬಾರದು. ಮನೆಯಲ್ಲಿನ ಕೀಟನಾಶಕ, ಮಾತ್ರೆಗಳನ್ನು ಬೀಗದೊಳಗೆ ಇಡಬೇಕು ಅಥವಾ ಬೇರೆ ಮನೆಗೆ ಸಾಗಿಸಬೇಕು. ಆ ಗಳಿಗೆ ದಾಟಿದರೆ ಬದುಕುವವರು ಬಹಳ. 108ಕ್ಕೆ ಕರೆ ಮಾಡಿ ಯಾವ ಆಸ್ಪತ್ರೆಯ ತುರ್ತು ವಿಭಾಗಕ್ಕಾದರೂ ಕರೆದೊಯ್ಯಬಹುದು.

ಇನ್ನು ಗುಳಿಗೆಯ ವಿಚಾರ. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ಚಿಕಿತ್ಸೆ ಮುರಿಯುವುದು ಹೆಚ್ಚಾಗಿ ಇಲ್ಲೇ. ಖಿನ್ನತೆಗೆ ಬರೆಯುವ ಎಸಿಟಲೊಪ್ರಾಮ್, ಫ್ಲೂಆಕ್ಸೆಟಿನ್ ತರಹದ ಮಾತ್ರೆಗಳು ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಆದರೆ ಹೊಟ್ಟೆ ತೊಳಸುವುದು, ಚಡಪಡಿಕೆಯಂಥ ಅಡ್ಡ ಪರಿಣಾಮಗಳು ಮೊದಲ ವಾರವೇ ಬರುತ್ತವೆ. ಅಂದರೆ ಕೆಟ್ಟದ್ದು ಮೊದಲು, ಒಳ್ಳೆಯದು ಆಮೇಲೆ. ಇದನ್ನು ಮುಂಚೆಯೇ ಹೇಳದಿದ್ದರೆ ಐದನೇ ದಿನಕ್ಕೆ ಮಾತ್ರೆಯ ಪಟ್ಟಿ ಮೂಲೆ ಸೇರುತ್ತದೆ. ಗುಣವಾದ ಮೇಲೂ ಮೊದಲ ಸಲದ ಖಿನ್ನತೆಗೆ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ಸ್ಕಿಜೋಫ್ರೇನಿಯಾದಲ್ಲಿ ವರ್ಷಗಳ ಲೆಕ್ಕ. 'ಚೆನ್ನಾಗಾದ್ನಲ್ಲ, ಇನ್ಯಾಕೆ?' ಎಂದು ನಿಲ್ಲಿಸಿದರೆ ಮರುದಿನವೇ ಏನೂ ಆಗುವುದಿಲ್ಲ ಎಂಬುದೇ ದೊಡ್ಡ ಮೋಸ. ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಕಾಯಿಲೆ ತಿರುಗಿ ಬಂದಾಗ ಅದನ್ನು ನಿಲ್ಲಿಸಿದ ಗುಳಿಗೆಯ ಜೊತೆ ಯಾರೂ ಜೋಡಿಸುವುದಿಲ್ಲ, ಹೊಸ ಮಾಟವೆಂದುಕೊಳ್ಳುತ್ತಾರೆ.

ಅಡ್ಡ ಪರಿಣಾಮಗಳನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಒಲಾಂಜಪೈನ್ ತೂಕವನ್ನೂ ಸಕ್ಕರೆಯನ್ನೂ ಏರಿಸಬಲ್ಲದು. ರಿಸ್ಪೆರಿಡೋನ್‌ನಿಂದ ಮುಟ್ಟು ನಿಲ್ಲಬಹುದು, ಮೈ ಬಿಗಿಯಬಹುದು. ಲಿಥಿಯಂ ತೆಗೆದುಕೊಳ್ಳುವವರು ಆಗಾಗ ರಕ್ತದಲ್ಲಿ ಅದರ ಮಟ್ಟ ನೋಡಿಸಬೇಕು, ವಾಂತಿಭೇದಿಯಾದಾಗ ಎಚ್ಚರವಾಗಿರಬೇಕು. ಲೈಂಗಿಕ ತೊಂದರೆಗಳ ಬಗ್ಗೆ ವೈದ್ಯರೂ ಕೇಳುವುದಿಲ್ಲ, ರೋಗಿಯೂ ಹೇಳುವುದಿಲ್ಲ, ಗುಳಿಗೆ ಮಾತ್ರ ಸದ್ದಿಲ್ಲದೆ ನಿಲ್ಲುತ್ತದೆ. ಎಲ್ಲದಕ್ಕೂ ಪ್ರಮಾಣ ತಗ್ಗಿಸುವ, ಮದ್ದು ಬದಲಿಸುವ ದಾರಿಗಳಿವೆ. ಗುಳಿಗೆ ನುಂಗಲೊಲ್ಲದವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಹಾಕುವ ಇಂಜೆಕ್ಷನ್ ಇದೆ. 'ಅಭ್ಯಾಸವಾಗಿಬಿಡುತ್ತೆ' ಎಂಬ ಹೆದರಿಕೆ ಈ ಯಾವುದಕ್ಕೂ ಅಷ್ಟಾಗಿ ಅನ್ವಯಿಸುವುದಿಲ್ಲ. ಅದು ಅನ್ವಯಿಸುವುದು ಅಲ್ಪ್ರಜೋಲಾಮ್, ಕ್ಲೊನಜೆಪಾಮ್‌ನಂಥ ನಿದ್ದೆ ಗುಳಿಗೆಗಳಿಗೆ. ವಿಪರ್ಯಾಸವೆಂದರೆ ಜನ ಧೈರ್ಯವಾಗಿ ವರ್ಷಗಟ್ಟಲೆ ನುಂಗುವುದು ಅವನ್ನೇ, ಅದೂ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ.

'ಕರೆಂಟು ಕೊಡುವ' ಚಿಕಿತ್ಸೆಯ ಹೆಸರು ಸಿನಿಮಾಗಳಿಂದ ಕೆಟ್ಟಿದೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಮದ್ದು ಇಲ್ಲದೆ ಅದನ್ನು ಕೊಡುವುದನ್ನು ಕಾನೂನೇ ನಿಷೇಧಿಸಿದೆ. ಅನ್ನ ನೀರು ಬಿಟ್ಟು ಮಲಗಿದ ತೀವ್ರ ಖಿನ್ನತೆಯಲ್ಲಿ ಅದರಷ್ಟು ಬೇಗ ಕೆಲಸ ಮಾಡುವ ಚಿಕಿತ್ಸೆಗಳು ಕಡಿಮೆ. ಕೆಲಕಾಲ ನೆನಪು ಮಸುಕಾಗುವುದುಂಟು.

ಮದ್ದು ಮುಂದುವರಿಸಿದರೆ ಏನು ಲಾಭ ಎನ್ನುವುದಕ್ಕೆ ನಮ್ಮದೇ ಮಲೆನಾಡಿನ ಸಾಕ್ಷಿಯಿದೆ. ನಿಮ್ಹಾನ್ಸ್‌ನ ಸಂಶೋಧಕರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಿನಿಂದ ಗುರುತಿಸಿ, ಒಂದು ವರ್ಷ ಹಿಂಬಾಲಿಸಿ 2009ರಲ್ಲಿ ವರದಿ ಮಾಡಿದರು. ಚಿಕಿತ್ಸೆಯಿಲ್ಲದೆ ಉಳಿದವರ ಅಸಾಮರ್ಥ್ಯ ಇದ್ದಲ್ಲೇ ಇತ್ತು. ಚಿಕಿತ್ಸೆಗೆ ಬಂದವರು ಸ್ನಾನ, ಮನೆಗೆಲಸ, ಜನರೊಡನೆ ಮಾತುಕತೆಯಂಥ ದಿನದ ಕೆಲಸಗಳಿಗೆ ಮರಳುತ್ತಿದ್ದರು. ಯಾರ ತೋಟದಲ್ಲಿ ಅಡಿಕೆ ಸುಲಿಯಲು ಮತ್ತೆ ಕರೆ ಬಂತು ಎಂಬುದು ಇಂಥ ಊರುಗಳಲ್ಲಿ ಗುಣವಾದದ್ದರ ಅಳತೆ.

ಮಾತಿನ ಚಿಕಿತ್ಸೆ ನಮ್ಮಲ್ಲಿ ಸಿರಿವಂತರ ಸೊತ್ತಾಗಿದೆ ಎಂಬ ದೂರು ನಿಜವೇ. ಅಷ್ಟೇನೂ ತೀವ್ರವಲ್ಲದ ಖಿನ್ನತೆ, ಆತಂಕಗಳಿಗೆ ಅದೊಂದೇ ಸಾಕಾಗಬಹುದಾದರೂ ಮುಕ್ಕಾಲು ಗಂಟೆ ಕನ್ನಡದಲ್ಲಿ ಕೂತು ಕೇಳುವ ತಜ್ಞರು ಬೆಂಗಳೂರು ಮತ್ತು ಕೆಲವು ನಗರಗಳನ್ನು ಬಿಟ್ಟರೆ ಸಿಗುವುದು ಅಪರೂಪ. ಪಕ್ಕದ ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆ ಇದಕ್ಕೊಂದು ದಾರಿ ತೋರಿಸಿದ್ದಾರೆ. ವಾರಗಳ ತರಬೇತಿ ಪಡೆದ ಸಾಮಾನ್ಯರೇ ಆರೋಗ್ಯ ಕೇಂದ್ರಗಳಲ್ಲಿ ಕೂತು ನೀಡಿದ ಸಲಹೆಯಿಂದ ತೀವ್ರ ಖಿನ್ನತೆಯವರೂ ಸುಧಾರಿಸಿದರೆಂಬ ಅವರ ಫಲಿತಾಂಶ 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಕನ್ನಡದಲ್ಲಿ ಈ ಹಾದಿ ಹಳೆಯದು. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ನೂರಾರು ಪುಸ್ತಕ ಬರೆದದ್ದಲ್ಲದೆ, ಬೆಂಗಳೂರಿನಲ್ಲಿ ಉಚಿತ ಆಪ್ತಸಲಹಾ ಕೇಂದ್ರ ನಡೆಸಿ, ಗೃಹಿಣಿಯರು ನಿವೃತ್ತರನ್ನೆಲ್ಲ ಸಲಹೆಗಾರರಾಗಿ ತಯಾರು ಮಾಡಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ತಡವಾಗಿಯೇ ಎನ್ನಬೇಕು. ಅದಕ್ಕೂ ಹಿಂದೆ, 'ಕೊರವಂಜಿ' ಹಾಸ್ಯಪತ್ರಿಕೆಯ ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ ಮನೋರೋಗಗಳ ಕುರಿತು ಬರೆದ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತ್ತು. ಜನ ಓದಲು ತಯಾರಿಲ್ಲ ಎಂದು ದೂರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕಾನೂನು ಕಾಗದದ ಮೇಲೆ ಬಹಳ ಚೆನ್ನಾಗಿದೆ. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ. ಮುಂದೆ ಕಾಯಿಲೆ ಉಲ್ಬಣಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಮುಂಚೆಯೇ ಬರೆದಿಡಬಹುದು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಆರೈಕೆ ಕೊಡಬೇಕು. ಬೀದಿಯಲ್ಲಿ ಅಲೆಯುವ ರೋಗಿಗಳಿಗೆ ರಕ್ಷಣೆ ಕೊಡುವುದು ಪೊಲೀಸರ ಕರ್ತವ್ಯ. ಆರೋಗ್ಯ ವಿಮೆ ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೆಯೇ ಸಿಗಬೇಕು. ಆದರೆ ವಿಮೆ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ಅಡ್ಮಿಟ್ ಆದರೆ ಮಾತ್ರ, ಮನೋರೋಗದ ಖರ್ಚಿನ ಬಹುಪಾಲು ಹೊರರೋಗಿಯಾಗಿದ್ದಾಗಲೇ ಆಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಸಾಮರ್ಥ್ಯವಿದ್ದರೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನ, ಬಸ್ ಪಾಸಿಗೆ ದಾರಿಯಾಗುತ್ತದೆ. ಹೆಚ್ಚಿನ ಮನೆಯವರಿಗೆ ಇದು ಗೊತ್ತೇ ಇಲ್ಲ. ಗೊತ್ತಿದ್ದವರಲ್ಲಿ ಕೆಲವರು ಆ ಕಾರ್ಡಿನ ಮೇಲೆ ಕಾಯಿಲೆಯ ಹೆಸರು ಬರುತ್ತದೆಂದು ಹಿಂಜರಿಯುತ್ತಾರೆ.

ಗುಣವಾಗುತ್ತಿರುವವರಿಗೆ ಹಗಲು ಹೊತ್ತು ಕಳೆಯುವ 'ಮಾನಸಧಾರಾ' ಕೇಂದ್ರಗಳನ್ನು ರಾಜ್ಯ ಸರ್ಕಾರ ಜಿಲ್ಲೆಗಳಲ್ಲಿ ನಡೆಸುತ್ತಿದೆ. ಬೆಂಗಳೂರಿನಲ್ಲಿ ಮೆಡಿಕೊ ಪಾಸ್ಟೋರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್ ಸಂಸ್ಥೆಗಳು ಆಸ್ಪತ್ರೆಗೂ ಮನೆಗೂ ನಡುವಿನ ವಸತಿಗಳನ್ನು ದಶಕಗಳಿಂದ ನಡೆಸಿವೆ. ಉಳಿದ ಊರುಗಳಲ್ಲಿ ಆ ನಡುವಿನ ಜಾಗವೆಂದರೆ ತಾಯಿಯೇ. ಆಕೆಗೆ ಎಪ್ಪತ್ತಾದಾಗ ಮಗನಿಗೆ ನಲವತ್ತೈದು.

ಇಷ್ಟೆಲ್ಲ ಹೇಳಿದ ಮೇಲೆ ಸರ್ಕಾರದಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ಅದೇ 2017ರ ಕಾಯ್ದೆಯ 18ನೇ ಕಲಮಿನಲ್ಲಿ ಹೆಚ್ಚು ಚರ್ಚೆಯಾಗದ ಒಂದು ಮಾತಿದೆ: ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಎಲ್ಲ ಮದ್ದುಗಳೂ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲ್ಪಟ್ಟ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋರೋಗಿಗಳಿಗೆ ಸದಾಕಾಲ ಉಚಿತವಾಗಿ ಸಿಗಬೇಕು. ಸದಾಕಾಲ ಎಂದರೆ ಟೆಂಡರ್ ತಡವಾದ ತಿಂಗಳೂ ಸಹ. ಕೇಂದ್ರದ ಆರೋಗ್ಯ ಬಜೆಟ್ಟಿನಲ್ಲಿ ಮಾನಸಿಕ ಆರೋಗ್ಯಕ್ಕೆ ಸಿಗುವುದು ನೂರಕ್ಕೆ ಒಂದರ ಆಸುಪಾಸು, ಅದರಲ್ಲೂ ದೊಡ್ಡ ಪಾಲು ದೊಡ್ಡ ಸಂಸ್ಥೆಗಳಿಗೆ ಹೋಗುತ್ತದೆ. ತಾಲ್ಲೂಕು ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ರಿಸ್ಪೆರಿಡೋನ್ ಖಾಲಿಯಾದರೆ ಯಾವ ಮಂತ್ರಿಯೂ ಉತ್ತರ ಕೊಡಬೇಕಾಗುವುದಿಲ್ಲ. ಹತ್ತು ದಿನ ಖಾಲಿಯಿದ್ದರೆ ಎಷ್ಟು ಮನೆಗಳಲ್ಲಿ ಕಾಯಿಲೆ ಮರುಕಳಿಸಿತೆಂಬ ಲೆಕ್ಕವನ್ನೂ ಯಾರೂ ಇಡುವುದಿಲ್ಲ.

ಲೆಕ್ಕ ಇಡಬೇಕಾದ ಇನ್ನೊಂದು ವಿಷಯ, ಹೋದ ಮಂಗಳವಾರ ಬರಬೇಕಿದ್ದು ಬಾರದವರದ್ದು. ರಿಜಿಸ್ಟರಿನಲ್ಲಿ ಬಂದವರ ಸಂಖ್ಯೆ ಇರುತ್ತದೆ, ಮೇಲಕ್ಕೆ ಕಳಿಸುವ ವರದಿಯಲ್ಲೂ ಅದೇ ಇರುತ್ತದೆ. ತೀರ್ಥಹಳ್ಳಿಯಲ್ಲಿ, ಆಮೇಲೆ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲಿ ನಿಮ್ಹಾನ್ಸ್ ತಂಡಗಳು ಮಾಡಿದ ಕೆಲಸದ ಗುಟ್ಟು ಇರುವುದು ಇಲ್ಲೇ: ತಪ್ಪಿಸಿಕೊಂಡವರನ್ನು ಹುಡುಕಿಕೊಂಡು ಹೋಗುವುದು. ಜಿಲ್ಲಾ ತಂಡದಲ್ಲಿ ಮನೋವೈದ್ಯಕೀಯ ಸಾಮಾಜಿಕ ಕಾರ್ಯಕರ್ತರ ಹುದ್ದೆ ಇದೆ, ಊರಲ್ಲಿ ಆಶಾ ಕಾರ್ಯಕರ್ತೆ ಇದ್ದಾರೆ. ಆದರೆ ಆಶಾ ಬಾಗಿಲಿಗೆ ಬಂದರೆ ಅಕ್ಕಪಕ್ಕದವರು ಏಕೆಂದು ಕೇಳುತ್ತಾರೆ, ಕೆಲವು ಮನೆಗಳಿಗೆ ಅದು ಬೇಡ. ಮೊದಲ ದಿನ ಚೀಟಿ ಮಾಡಿಸುವಾಗಲೇ ಕೇಳಿ ಬರೆದುಕೊಳ್ಳಬಹುದು: ಬಾರದಿದ್ದರೆ ಮನೆಗೆ ಬರಬಹುದೇ, ಇಲ್ಲ ಫೋನು ಸಾಕೇ, ಸಾಕಾದರೆ ಯಾರ ನಂಬರಿಗೆ, ಯಾವ ಹೊತ್ತಿನಲ್ಲಿ.